ನೀರು ಒಲ್ಲದ ವಜ್ರ

ಒಳ್ಳೆಯ ವಜ್ರದ ಮೇಲೆ ನೀರಿನ ಹನಿ ಹರಡುವುದಿಲ್ಲ. ಕೆಸುವಿನೆಲೆಯ ಮೇಲೆ ನಿಂತಂತೆ ಗುಂಡಗೆ ನಿಂತುಬಿಡುತ್ತದೆ. ನಮ್ಮ ಮನೆಯಲ್ಲಿ ನಾಲ್ಕು ತಲೆಮಾರು ವಜ್ರಕ್ಕೆ ಸಾಣೆ ಹಿಡಿದವರು. ಕಲ್ಲಿನ ಕೆಲಸ ಮುಗಿದಾಗ ಅಜ್ಜ ಕಡ್ಡಿಯ ತುದಿಯಿಂದ ಅದರ ಮೇಲೊಂದು ಹನಿ ಇಳಿಸುತ್ತಿದ್ದ. ಹನಿ ಮುತ್ತಾಗಿ ನಿಂತರೆ ಕೈ ಮುಗಿಯುತ್ತಿದ್ದ. ಇಲ್ಲವಾದರೆ ಮತ್ತೆ ತೊಳೆಯಲು ಕೂರುತ್ತಿದ್ದ. ಹನಿ ನಿಲ್ಲದ ಕಲ್ಲನ್ನು ಅವನು ಯಾರ ಕೈಗೂ ಕೊಟ್ಟವನಲ್ಲ.

ಊರಿನಲ್ಲಿ ಸಾಣೆಯ ಕೆಲಸ ಕ್ಷೀಣಿಸಿದ ಮೇಲೆ ನಾನು ಗುಡ್ಡದ ಮೇಲಿನ ಪ್ರಯೋಗಶಾಲೆಯನ್ನು ಸೇರಿದೆ. ಕಲ್ಲುಗಳನ್ನು ತೊಳೆದು ಕೊಡುವುದು ನನ್ನ ಕೆಲಸ. ಅಲ್ಲಿನ ಮುಖ್ಯಸ್ಥೆ ಭಾಗೀರಥಿ ಮೇಡಂ ಮೊದಲ ದಿನವೇ ನಗುತ್ತ ಹೇಳಿದ್ದರು: "ಸಾಣೆಯಣ್ಣ, ಕಳಂಕ ಇದ್ರೆ ನಿಮ್ಮೋರು ಬೆಲೆ ಇಳಿಸ್ತಾರೆ. ನನಗೆ ಬೇಕಾಗಿರೋದೇ ಕಳಂಕ."

ಹರಳಿನೊಳಗೆ ಇಂಗಾಲದ ಒಂದು ಪರಮಾಣು ಇಲ್ಲವಾಗಿ, ಅದರ ಪಕ್ಕದಲ್ಲೊಂದು ಸಾರಜನಕದ ಪರಮಾಣು ಕುಳಿತಿದ್ದರೆ ಆ ಜಾಗವನ್ನು ಅವರು ಬಣ್ಣದ ಕೇಂದ್ರ ಎನ್ನುತ್ತಿದ್ದರು. ಆ ಬರಿದಾದ ತಾವು ಒಂದು ಎಲೆಕ್ಟ್ರಾನನ್ನು ಹೆಚ್ಚಿಗೆ ಹಿಡಿದುಕೊಂಡಿದ್ದರೆ, ಮುಂದೆ ಬರಲಿರುವ ಕ್ವಾಂಟಮ್ ಯಂತ್ರಗಳಿಗೆ ಒಂದು ಸುದ್ದಿಯನ್ನು ನೆನಪಿಟ್ಟುಕೊಳ್ಳಬಲ್ಲುದು. ಎಲೆಕ್ಟ್ರಾನು ಬಿಟ್ಟುಹೋದರೆ ಕೇಂದ್ರ ಇದ್ದೂ ಇಲ್ಲದಂತೆ. ಹಸಿರು ಬೆಳಕು ಹಾಯಿಸಿ ಅದನ್ನು ಕೂಡಿಸಬೇಕು. ಆಮೇಲೆ ಹಳದಿ ಬೆಳಕನ್ನು ಬಹಳ ಮಂದ ಮಾಡಿ, ಇದ್ದೀಯಾ ಎಂದು ವಿಚಾರಿಸಬೇಕು. ಇದ್ದರೆ ಕೆಂಪಗೆ ಮಿನುಗುತ್ತದೆ. ಹಳದಿ ತುಸು ಜೋರಾಯಿತೋ, ವಿಚಾರಿಸಿದ್ದೇ ಅದನ್ನು ಹೊರಗಟ್ಟಿಬಿಡುತ್ತದೆ. ಕಾಣದ್ದೊಂದು ಬರಿದಾದ ಜಾಗದಲ್ಲಿ ನೆಲೆಸುತ್ತದೆ, ಮೆತ್ತಗೆ ಕರೆದರೆ ಓಗೊಡುತ್ತದೆ ಎಂಬುದನ್ನು ನಂಬಲು ನನಗೆ ಕಷ್ಟವಾಗಲಿಲ್ಲ. ದಿನವೂ ದೇವರಿಗೆ ದೀಪ ಹಚ್ಚಿ ಕೆಲಸಕ್ಕೆ ಹೊರಡುವವನು ನಾನು.

ಮೇಡಂ ಬಳಿ ಅಕ್ಕಿಕಾಳಿನಷ್ಟು ದೊಡ್ಡ ಕಲ್ಲೊಂದಿತ್ತು. ಅದರ ಮೇಲ್ಮೈಯ ತೀರ ಹತ್ತಿರದ ಒಂದು ಕೇಂದ್ರ, ಕತ್ತಲಲ್ಲಿಟ್ಟರೆ ಇಡೀ ದಿನ ಎಲೆಕ್ಟ್ರಾನನ್ನು ಬಿಡದೆ ಕಾದದ್ದನ್ನು ಅವರು ಕಂಡು ಬರೆದಿದ್ದರು. ಹನ್ನೊಂದು ವರ್ಷದ ದುಡಿಮೆ ಅದು. ಓದಿದ ಪರವೂರಿನ ವಿದ್ವಾಂಸರು ಕಣ್ಣಾರೆ ನೋಡಲು ಬರುತ್ತೇವೆಂದು ತಿಳಿಸಿದರು. ಕಲ್ಲಿಗೆ ಧೂಳು ಕೂತಿದೆಯೆಂದು ಮೇಡಂ ಅದನ್ನು ನನ್ನ ಕೈಗೆ ಕೊಟ್ಟರು. ತೊಳೆದು ಮರಳಿಸಿದೆ. ಅಂದಿನಿಂದ ಎಲೆಕ್ಟ್ರಾನು ನಿಲ್ಲಲೊಲ್ಲದಾಯಿತು.

ಬೆಳಕಿನ ಯಂತ್ರ ನೋಡಿಕೊಳ್ಳುತ್ತಿದ್ದ ಫಿಲೋಮಿನಾ, "ಕೂತ್ಕೋ ಅಂದ್ರೆ ಎದ್ದು ಹೋಗ್ತದೆ. ಥೇಟ್ ನಮ್ಮ ಮನೆಯವರ ಹಾಗೆ," ಎಂದಳು. ಮೊದಲ ದಿನ ಎಲ್ಲರೂ ನಕ್ಕೆವು. ಹಸಿರನ್ನು ಹೆಚ್ಚಿಸಿ ನೋಡಿದರು, ತಗ್ಗಿಸಿ ನೋಡಿದರು; ಹಳದಿಯನ್ನು ಇದ್ದೂ ಇಲ್ಲದಷ್ಟು ಕುಂದಿಸಿದರು. ಪ್ರತಿ ಸಲ ಸೋತಾಗಲೂ ಮೇಡಂ ಕನ್ನಡಕ ಒರೆಸಿಕೊಂಡು, "ಇನ್ನೊಂದ್ಸಲ," ಎನ್ನುತ್ತಿದ್ದರು. ಹೀಗೆ ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ಬೆಳಿಗ್ಗೆ ಅವರು ಮೇಜಿನ ಮುಂದೆ ಕೂತು ಕಾಗದ ಬರೆಯತೊಡಗಿದರು. ತಾನು ಕಂಡದ್ದು ತಪ್ಪಿರಬಹುದು, ದಯವಿಟ್ಟು ಬರಬೇಡಿ ಎಂದು.

"ಕಲ್ಲನ್ನ ಡಬ್ಬಿಗೆ ಹಾಕಿಡಿ, ಸಾಣೆಯಣ್ಣ," ಎಂದರು, ತಲೆಯೆತ್ತದೆ.

ಒಳಗಿಡುವ ಮುನ್ನ ಅಭ್ಯಾಸಬಲದಿಂದ ಅದರ ಮೇಲೊಂದು ಹನಿ ಇಳಿಸಿದೆ. ಮುತ್ತಿನಂತೆ ನಿಂತಿತು. ನೋಡುತ್ತಿದ್ದ ಫಿಲೋಮಿನಾ ಕೇಳಿದಳು, "ಅದೇನದು, ಅಭಿಷೇಕವಾ?"

"ಶುದ್ಧ ಇದೆಯಾ ನೋಡೋದಮ್ಮ. ಶುದ್ಧ ಇದ್ರೆ ಹೀಗೆ ನಿಲ್ತದೆ."

"ಮುಂಚೆನೂ ಹೀಗೇ ನಿಲ್ತಿತ್ತಾ?"

ಕಡ್ಡಿಯನ್ನು ಕೆಳಗಿಟ್ಟೆ. ನಿಲ್ಲುತ್ತಿರಲಿಲ್ಲ. ಮೇಡಂ ಕೊಟ್ಟ ದಿನ ಹನಿ ಕಲ್ಲಿನ ತುಂಬ ಹರಡಿಕೊಂಡಿತ್ತು. ಕೊಳೆಯೆಂದುಕೊಂಡು ಸೋಪಿನಲ್ಲಿ ತೊಳೆದೆ, ಸ್ಪಿರಿಟ್ಟಿನಲ್ಲಿ ಒರೆಸಿದೆ. ಆಗಲೂ ಹರಡಿತು. ಕೊನೆಗೆ ಯಾರನ್ನೂ ಕೇಳದೆ, ಜಲಜನಕದ ಅನಿಲ ತುಂಬುವ ಕುಲುಮೆಯಲ್ಲಿಟ್ಟು ಕಾಯಿಸಿದೆ. ಹನಿ ನಿಂತಿತು; ಅಜ್ಜನ ಹಾಗೆ ಕೈ ಮುಗಿದೆ. ಎಲೆಕ್ಟ್ರಾನು ಮುನಿದದ್ದು ಅಂದಿನಿಂದಲೇ.

ಮೇಡಂ ಅವರ ಪೆನ್ನು ಕಾಗದದ ಮೇಲೆ ಓಡುತ್ತಿತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಲ್ಲು ಡಬ್ಬಿ ಸೇರುತ್ತಿತ್ತು. ಅವರ ಹೆಸರು ಕೆಡುತ್ತಿತ್ತು, ನನ್ನದು ಉಳಿಯುತ್ತಿತ್ತು. ಭಗವಂತ ನನ್ನನ್ನು ಅಲ್ಲಿ ಎಷ್ಟು ಹೊತ್ತು ನಿಲ್ಲಿಸಿದನೋ, ಆ ಹೊತ್ತಿನ ಲೆಕ್ಕ ನನಗೆ ಈಗಲೂ ಸಿಕ್ಕಿಲ್ಲ.

"ಮೇಡಂ, ಆ ಕಾಗದ ಕಳಿಸ್ಬೇಡಿ. ತಪ್ಪು ನಿಮ್ಮದಲ್ಲ, ನಂದು," ಎಂದು ಎಲ್ಲ ಹೇಳಿದೆ.

ಪೆನ್ನು ನಿಂತಿತು. ಅವರು ತಲೆಯೆತ್ತಿದರು.

"ಎಷ್ಟು ಹೊತ್ತು ಕಾಯಿಸಿದ್ರಿ?"

"ಅರ್ಧ ಗಂಟೆ."

"ನನ್ನನ್ನ ಒಂದು ಮಾತು ಕೇಳೋಕೆ ಅರ್ಧ ನಿಮಿಷ ಸಾಕಿತ್ತು." ಅಷ್ಟೇ ಬೈಗುಳ. ಆಮೇಲೆ ಕಲ್ಲನ್ನು ಬೆಳಕಿಗೆ ಹಿಡಿದು ಹೇಳಿದರು: "ನಿಮ್ಮ ಶುದ್ಧಿ ಅಂದ್ರೆ ಮೈಮೇಲೆಲ್ಲ ಜಲಜನಕ ಅಂಟಿಸೋದು. ಅದು ಒಳಗಿನ ಎಲೆಕ್ಟ್ರಾನನ್ನ ಹೊಸಿಲಿಗೆ ಎಳ್ಕೊಳ್ತದೆ. ನಾವು ಕೂರಿಸ್ತಾ ಇದ್ವಿ, ಅದು ಎಬ್ಬಿಸ್ತಾ ಇತ್ತು. ಆಮ್ಲಜನಕ ಕೂತ ಮೈ ಬೇಕು ನನಗೆ. ಹೋಗಿ ಆಸಿಡ್ಡಲ್ಲಿ ಕುದಿಸಿ. ಹನಿ ಹರಡೋ ತನಕ ಬಿಡಬೇಡಿ."

"ಹರಡಿದ್ರೆ ನಮ್ಮಜ್ಜ ಅದನ್ನ ಕಲ್ಲು ಅಂತಾನೇ ಅಂತಿರಲಿಲ್ಲ, ಮೇಡಂ."

"ನಿಮ್ಮಜ್ಜನಿಗೆ ನನ್ನ ಕಡೆಯಿಂದಲೂ ಕ್ಷಮೆ ಕೇಳಿ," ಎಂದರು. ಆಗ ಮಾತ್ರ ಅವರ ಮುಖ ಸ್ವಲ್ಪ ಸಡಿಲವಾಯಿತು.

ಹೊಗೆ ಎಳೆಯುವ ಗಾಜಿನ ಗೂಡಿನಲ್ಲಿ ಎರಡು ದಿನ ಕುದಿಸಿದೆ. ಮೊದಲ ಸಲ ತೆಗೆದಾಗ ಹನಿ ನಿಂತೇ ಇತ್ತು. ಎರಡನೆಯ ಸಲ ಅಂಚು ಮಾತ್ರ ಸಡಿಲಿತು. ಮೂರನೆಯ ಸಲ ಇಳಿಸಿದ ಕೂಡಲೇ ನೀರು ಕಲ್ಲಿನ ಮೈಗೆ ಅಂಟಿ, ಅಂಚಿನವರೆಗೂ ತೆಳ್ಳಗೆ ಹರಡಿತು. ಅಜ್ಜನ ಕಣ್ಣಿಗೆ ಅದು ಕೊಳಕು ಕಲ್ಲು. ಆದರೂ ಕೈ ಮುಗಿದೆ.

ಮರುದಿನ ಬೆಳಿಗ್ಗೆ ಫಿಲೋಮಿನಾ ಹಸಿರು ಬೆಳಕು ಹಾಯಿಸಿ ಹಳದಿಯಲ್ಲಿ ವಿಚಾರಿಸಿದಳು. ಉತ್ತರವಿಲ್ಲ. ನಾನು ಮೇಡಂ ಕಡೆ ನೋಡಿದೆ.

"ಹತ್ತು ಸಲ ಕರೆದರೆ ಏಳು ಸಲ ಬರ್ತದೆ, ಮೂರು ಸಲ ಬರಲ್ಲ. ಅದು ಮೊದಲಿಂದಲೂ ಹಾಗೇ," ಎಂದರು ಮೇಡಂ. "ಇನ್ನೊಂದ್ಸಲ."

ಈ ಸಲ ಮಿನುಗಿತು. ಬೆಳಕೆಲ್ಲ ಆರಿಸಿ ಕಾದೆವು. ಮಧ್ಯಾಹ್ನದ ಊಟಕ್ಕೂ ಮೇಡಂ ಕುರ್ಚಿ ಬಿಟ್ಟೇಳಲಿಲ್ಲ. ಸಂಜೆ ಐದಕ್ಕೆ, ಹೊಸದಾಗಿ ಕೂರಿಸುವ ಹಸಿರನ್ನು ಮುಟ್ಟದೆ, ಬರೀ ಹಳದಿಯನ್ನು ಕೂದಲೆಳೆಯಷ್ಟು ತೆರೆಯಲು ಹೇಳಿ ಕಣ್ಣು ಮುಚ್ಚಿಕೊಂಡರು.

ಮಿನುಗನ್ನು ಎಣಿಸುವ ಯಂತ್ರದ ಮುಳ್ಳು ಕಾಗದದ ಮೇಲೆ ಒಮ್ಮೆ ಅಲುಗಿತು, ಮೇಲೇರಿತು, ಅಲ್ಲೇ ನಿಂತಿತು. ಫಿಲೋಮಿನಾ ಶಿಲುಬೆಯ ಗುರುತು ಮಾಡಿಕೊಂಡಳು. ಗೆರೆ ಹೊತ್ತ ಕಾಗದದ ಪಟ್ಟಿ ಮೇಜಿನ ಅಂಚು ದಾಟಿ ನೆಲಕ್ಕಿಳಿದು, ಮೇಡಂ ಅವರ ಕಾಲ ಬಳಿ ಸುರುಳಿ ಬಿಚ್ಚುತ್ತ ಬಂತು. ಅವರು ಕಣ್ಣು ತೆರೆದು, ಅದಕ್ಕೆ ದಾರಿಯಾಗುವಂತೆ ಪಾದಗಳನ್ನು ಮೆಲ್ಲನೆ ಹಿಂದಕ್ಕೆ ಸರಿಸಿಕೊಂಡರು.