ದೇವರ ಗೂಡಿನ ತಾಂಬೂಲ

ನಮ್ಮ ಸಂಘದ ಬರಗೇರಮ್ಮ ಎರಡು ವಾರ ಸಭೆಗೆ ಬರಲಿಲ್ಲ. ನಾನು, ಸಂಘದ ಚಂದ್ರಕ್ಕ, ಸುಮ್ಮನೆ ಕೂರುವವಳಲ್ಲ. ಮನೆಗೇ ಹೋದೆ.

ಅವಳ ಗಂಡ ಪಾಪಣ್ಣ ಖಾಲಿ ಕುರಿ ರೊಪ್ಪದ ಮುಂದೆ ಕೂತಿದ್ದ. ಎಂಟು ತಿಂಗಳ ಹಿಂದೆ ಹಿರಿಯೂರಿನ ಹತ್ತಿರ ತೆಂಗಿನ ನಾರಿನ ಗಿರಣಿಯಲ್ಲಿ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಮೂರು ಬೆರಳು ಹೋದವು. ಆಸ್ಪತ್ರೆಗೆಂದು ಇದ್ದ ಕುರಿಗಳನ್ನೆಲ್ಲ ಮಾರಿದ್ದರು.

"ದಿನಾ ಬೆಳಗ್ಗೆ ರೊಪ್ಪದ ಬಾಗ್ಲು ತೆಗೀತಾರೆ ಕಣಕ್ಕ. ಒಳಗೆ ಒಂದು ಮರೀನೂ ಇಲ್ಲ," ಎಂದಳು ಬರಗೇರಮ್ಮ.

"ವಾಸ್ನೆ ಇನ್ನೂ ಐತೆ," ಎಂದ ಪಾಪಣ್ಣ. "ಉಣ್ಣೆ ಕತ್ತರಿಸಾಕೆ ಇನ್ನಾಗಲ್ಲ ಬಿಡಕ್ಕ. ಆದ್ರೆ ಕುರಿ ಹಿಂದೆ ನಡಿಯಾಕೆ ಬೆರಳು ಬೇಕಿಲ್ವಲ್ಲ. ನಾಕು ಮರಿ ಇದ್ದಿದ್ರೆ ಸಾಕಿತ್ತು."

ನಾನು ಅವನ ಪಕ್ಕ ಕೂತೆ.

"ಮಾಲೀಕ ಪರಿಹಾರ ಕೊಟ್ನೇನಪ್ಪ?"

"ಹಿರೇರ ಮುಂದೆ ಒಂದಿಷ್ಟು ಕೊಟ್ಟು, ತಾಂಬೂಲ ಕೈಗಿಟ್ಟು, ಇಲ್ಲಿಗೆ ಮುಗೀತು ಅಂದ. ತಾಂಬೂಲ ಇಸ್ಕಂಡು ಕಚೇರಿಗೆ ಹೋದ್ರೆ ಮಾತು ತಪ್ಪಿದಂಗಲ್ವಾ?"

"ಅಯ್ಯೋ ನಿನ್ನ! ಎಲೆ ಅಡಿಕೆ ನಿನ್ನ ಹಕ್ಕು ನುಂಗ್ತದಾ? ರಾಜಿ ಆದ್ರೆ ಪರಿಹಾರ ಆಯುಕ್ತರ ಹತ್ರ ನೋಂದಣಿ ಆಗ್ಬೇಕು. ಆಗದಿದ್ರೆ ಪೂರ್ತಿ ಪರಿಹಾರಕ್ಕೆ ಅವ್ನೇ ಹೊಣೆ. ಒಂದು ತಿಂಗಳು ದಾಟಿದ್ರೆ ವರ್ಷಕ್ಕೆ ನೂರಕ್ಕೆ ಹನ್ನೆರಡು ಬಡ್ಡಿ. ಸರಿಯಾದ ಕಾರಣ ಇಲ್ದೆ ತಡ ಮಾಡಿದ್ರೆ ಪರಿಹಾರದ ಅರ್ಧದವರೆಗೂ ದಂಡ ಹಾಕಬಹುದು. ದಂಡಾನೂ ನಿಂಗೇ ಸೇರ್ತದೆ."

"ಇವ್ನು ನಮ್ಮ ಕೆಲಸದೋನೇ ಅಲ್ಲ ಅಂದ್ಬಿಟ್ರೆ?" ಎಂದ ಪಾಪಣ್ಣ.

"ಅನ್ಲಿ. ಅವ್ನಿಗೆ ನೋಟಿಸ್ ಹೋಗ್ತದೆ, ಇಬ್ಬರ ಮಾತೂ ಕೇಳ್ತಾರೆ. ಆಸ್ಪತ್ರೆ ಚೀಟಿ, ಜತೆ ಕೆಲಸ ಮಾಡಿದೋರ ಸಾಕ್ಷಿ ಇಟ್ಕೋ. ವಕೀಲರು ಪುಕ್ಕಟೆ ಸಿಗ್ತಾರಾ ಅಂತ ಕೋರ್ಟಿನ ಕಾನೂನು ಸೇವಾ ಸಮಿತೀಲಿ ಕೇಳಾಣ."

ಬರಗೇರಮ್ಮ ಒಳಗೆ ಹೋಗಿ ದೇವರ ಗೂಡಿನಿಂದ ಅದೇ ತಾಂಬೂಲ ತಂದಳು. ಎಲೆ ಒಣಗಿ ಪುಡಿಯಾಗಿತ್ತು.

"ವಾಸಿ ಆದ್ಮೇಲೆ ಕಾವಲು ಕೆಲಸ ಕೊಡ್ತೀನಿ ಅಂತ ಆ ಮಾಲೀಕ್ನೂ ಮಾತು ಕೊಟ್ಟಿದ್ದ. ನಾವು ಎಲೆ ಕಾಯ್ತಾ ಕುಂತ್ವಿ. ಅವ್ನು ಕೆಲಸಾನೂ ಕೊಡ್ಲಿಲ್ಲ, ಒಂದಿನ ಬಂದು ಕೈಯೂ ನೋಡ್ಲಿಲ್ಲ!"

ಪಾಪಣ್ಣ ಆ ಎಲೆಯ ಪುಡಿಯನ್ನು ಎಡಗೈಗೆ ಸುರಿದುಕೊಂಡು ನೋಡಿದ. "ಹೋಗಾಣ," ಎಂದ.

ಮರುದಿನ ಪರಿಹಾರ ಆಯುಕ್ತರಿಗೆ ಬರೆದ ಅರ್ಜಿಗೆ ಎಡಗೈ ಹೆಬ್ಬೆಟ್ಟು ಒತ್ತಿದ. ವಿಚಾರಣೆಯ ದಿನ ಗೊತ್ತಾಗಿದೆ, ತೀರ್ಪು ಇನ್ನೂ ಬಂದಿಲ್ಲ. ಬೆಳಗ್ಗೆ ಅವನು ಈಗಲೂ ರೊಪ್ಪದ ಬಾಗಿಲು ತೆಗೆಯುತ್ತಾನೆ. ಆದರೆ ಸುಮ್ಮನೆ ಕೂರುವುದಿಲ್ಲ, ಎಡಗೈಯಲ್ಲಿ ಬೇಲಿ ಕಟ್ಟುತ್ತಾನೆ.

ಅಣ್ಣಂದಿರೇ, ಅಕ್ಕಂದಿರೇ, ಕೆಲಸದಲ್ಲಿ ಪೆಟ್ಟಾದರೆ ತಕ್ಷಣ ಮಾಲೀಕರಿಗೆ ಬರೆದು ತಿಳಿಸಿ. ಎರಡು ವರ್ಷ ಕಳೆಯುವ ಮೊದಲೇ ಅರ್ಜಿ ಹಾಕಿ. ದಾರಿ ಗೊತ್ತಾಗದಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ. ನಿಮ್ಮ ದೇವರ ಗೂಡಿನಲ್ಲೂ ಅಂಥದೊಂದು ಒಣಗಿದ ಎಲೆ ಇದ್ದರೆ, ಇವತ್ತೇ ಹೊರಗೆ ತನ್ನಿ.