ಹುಲಿ ಎರಡು ಕೆಜಿ

ಬೇಬಿ ಮೆಂಡನ್‌ಗೆ ಓದು ಬರಹ ಬರುತ್ತಿರಲಿಲ್ಲ. ಐವತ್ತೆಂಟು ದಾಟಿದ ಮೇಲೆ ನೆನಪೂ ಕೈಕೊಡತೊಡಗಿತು. ನಾನು ಅವಳ ಕೈಗೆ ಬಂದದ್ದು ಆಗ.

ನಾನು ಒಂದು ಮೊಬೈಲು. ದೊಡ್ಡ ಶೆಡ್ಡಿನಲ್ಲಿ, ಗವಸು ಹಾಕಿದ ಹುಡುಗಿಯರ ಸಾಲಿನಲ್ಲಿ ಒಂದೇ ಬೆಳಿಗ್ಗೆ ತಯಾರಾದೆ. ನನ್ನನ್ನು ಕೊಂಡವಳು ಬೇಬಿಯ ಸೊಸೆ ಹರಿಣಾಕ್ಷಿ, ಸೊಸೈಟಿಯ ಗುಮಾಸ್ತೆ. ಅವಳಿಗೆ ಪಟ್ಟಿಗಳ ಹುಚ್ಚು. ‘ಐದಕ್ಕೆ ಏಳುವುದು’, ‘ಅರ್ಧ ಗಂಟೆ ನಡೆಯುವುದು’ ಎಂದು ಪ್ರತಿ ಭಾನುವಾರ ಬರೆಯುತ್ತಿದ್ದಳು. ಅಲಾರಾಂ ಹೊಡೆದರೆ ನನ್ನನ್ನು ದಿಂಬಿನಡಿ ತುರುಕುತ್ತಿದ್ದಳು. ಮೂರನೇ ವರ್ಷ ಹೊಸ ಫೋನು ಬಂತು, ನಾನು ಅತ್ತೆಯ ಪಾಲಾದೆ.

ಬೇಬಿ ಮಲ್ಪೆಯಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಮನೆಮನೆಗೆ ಮಾರುವವಳು. ಯಾವ ಮನೆಗೆ ಯಾವ ಮೀನು, ಯಾರು ಯಾವ ವಾರ ಮೀನು ಮುಟ್ಟುವುದಿಲ್ಲ, ಎಲ್ಲ ತಲೆಯಲ್ಲಿತ್ತು. ಒಂದು ದಿನ ತಲೆ ತಪ್ಪಿತು. ಸಾವಾಗಿ ಐದೇ ದಿನವಾಗಿದ್ದ ಮನೆಯ ಗೇಟಿನಲ್ಲಿ ನಿಂತು ಮೀನು ಮೀನು ಎಂದು ಕೂಗಿದಳು. ಹದಿಮೂರು ದಿನ ಮೀನು ಒಳಗೆ ಬರಬಾರದ ಮನೆ ಅದು. ಅವರು ಮತ್ತೆ ಅವಳನ್ನು ಕರೆಯಲಿಲ್ಲ. ಇನ್ನೊಮ್ಮೆ ಹೀಗಾದರೆ ಇಡೀ ಬೀದಿ ಕೈತಪ್ಪುತ್ತದೆಂದು ಅವಳಿಗೆ ಗೊತ್ತಿತ್ತು.

ಆಮೇಲೆ ಅವಳು ಮಾಡಿದ್ದನ್ನು ನೋಡಿ ನಾನು ದಂಗಾದೆ. ನನ್ನ ನೋಟ್ಸ್ ಪುಟ ತೆರೆದು, ಅಕ್ಷರಗಳನ್ನು ಬಿಟ್ಟು, ಪುಟ್ಟ ಪುಟ್ಟ ಚಿತ್ರಗಳನ್ನು ಒತ್ತತೊಡಗಿದಳು. ಮೈಮೇಲೆ ಪಟ್ಟೆಯಿರುವ ಬಂಗುಡೆ ಮೀನಿಗೆ ಹುಲಿ. ಮೀನುಗಳ ರಾಜ ಅಂಜಲ್‌ಗೆ ಕಿರೀಟ. ಎಣ್ಣೆ ಬಿಡುವ ಬೂತಾಯಿಗೆ ಹನಿ. ಸೋಮವಾರ ತಿನ್ನದವರಿಗೆ ಚಂದ್ರ, ಶನಿವಾರ ತಿನ್ನದವರಿಗೆ ಕಾಗೆ. ಟೀಚರ ಮನೆಗೆ ಕನ್ನಡಕ, ಕಚ್ಚುವ ನಾಯಿಯ ಮನೆಗೆ ನಾಯಿ. ಸಾವಾದ ಮನೆಯ ಮುಂದೆ ದೀಪ, ದಿನಕ್ಕೊಂದು ಚುಕ್ಕೆ. ಹದಿಮೂರು ಚುಕ್ಕೆಯಾದರೆ ದೀಪ ತೆಗೆಯುವಳು. ಆ ಚಿತ್ರಗಳು ಮೊದಲಿನಿಂದಲೂ ನನ್ನೊಳಗಿದ್ದವು. ಅವುಗಳಲ್ಲಿ ಇಂಥ ಲಿಪಿಯೊಂದಿದೆ ಎಂದು ನನಗೇ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಜೊತೆಯ ಮೀನಿನವಳು ಸರೋಜ ಇಣುಕಿ ಕೇಳಿದಳು: “ಎಂತ ಬೇಬಿಯಕ್ಕ, ಸರ್ಕಸ್ಸಾ ಇದು?”

“ಸರ್ಕಸ್ಸೇ. ಇವತ್ತು ಡಾಕ್ಟ್ರ ಮನೆಗೆ ಹುಲಿ ಎರಡು ಕೆಜಿ.”

ಎರಡು ವರ್ಷ ಅವಳು ಒಂದು ಗೇಟಿನಲ್ಲೂ ತಪ್ಪಲಿಲ್ಲ.

ಉಪ್ಪುಗಾಳಿಗೆ ನಾನು ಮುದಿಯಾದೆ, ಪದೇಪದೇ ನಿಂತುಹೋಗುತ್ತಿದ್ದೆ. ಒಂದು ಭಾನುವಾರ ಹರಿಣಾಕ್ಷಿ ನನ್ನನ್ನು ಪೂರ್ತಿ ಅಳಿಸಿ ಹೊಸದರಂತೆ ಮಾಡಲು ಕೂತಳು. ಮೊದಲು ಫೋಟೋ, ನಂಬರುಗಳನ್ನೆಲ್ಲ ಜೋಪಾನವಾಗಿ ತನ್ನ ಫೋನಿಗೆ ಹಾಕಿಕೊಂಡಳು. ನೋಟ್ಸನ್ನೂ ತೆರೆದು ನೋಡಿದಳು. ನಕ್ಕು ಮುಚ್ಚಿ, ನನ್ನನ್ನು ಅಳಿಸಿದಳು.

ಸೋಮವಾರ ಬೇಬಿ ಪಟ್ಟಿ ಹುಡುಕಿದಳು.

“ಕೈತಾಗಿ ಒತ್ತಿ ಹೋದದ್ದು ಅಂದ್ಕೊಂಡೆ ಅತ್ತೆ. ಒಂದು ಅಕ್ಷರವೂ ಇರ್ಲಿಲ್ಲ.”

“ನನಗೆ ಬರುವುದಿಲ್ಲ ಅಲ್ವಾ ಮಗಾ. ಮತ್ತೆ ಹೇಗೆ ಇರ್ತದೆ?”

ಹರಿಣಾಕ್ಷಿ ಅಂದು ರಜೆ ಹಾಕಿದಳು. ಅತ್ತೆ ನೆನೆದು ನೆನೆದು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಕೆಲವು ಮನೆಗಳ ವಾರ ನೆನಪಾಗಲಿಲ್ಲ. ಎರಡು ಮನೆಯಲ್ಲಿ ಸೂತಕವಿತ್ತು, ಯಾವ ಎರಡೆಂದು ತಿಳಿಯಲಿಲ್ಲ. ಖಾತ್ರಿಯಿಲ್ಲದ ಗೇಟಿನ ಮುಂದೆ ಬೇಬಿ ಮತ್ತೆಂದೂ ನಿಲ್ಲಲಿಲ್ಲ. ಆ ಮನೆಗಳಿಗೆ ಈಗ ಮೀನಿನ ವ್ಯಾನು ಬರುತ್ತದೆ.

ನಾನು ಫ್ರಿಜ್ಜಿನ ಮೇಲಿದ್ದೇನೆ, ಕರೆಂಟು ಹೋದಾಗ ಟಾರ್ಚಾಗುತ್ತೇನೆ. ನನ್ನೊಳಗೆ ಜಾಗ ಬೇಕಾದಷ್ಟಿದೆ.

ಪಟ್ಟಿಯಲ್ಲಿದ್ದದ್ದು ನಲವತ್ತಮೂರು ಮನೆ. ನೆನಪಾದದ್ದು ಇಪ್ಪತ್ತಾರು. ಹೋದದ್ದು ಹದಿನೇಳು.