ಕಲ್ಲಂಚಿಗೆ ಹರಿದ ದಾರ

ಮೀನು ತಿನ್ನದವನು ಮೀನು ಹಿಡಿಯಬಾರದೆಂದು ಎಲ್ಲಿಯೂ ಬರೆದಿಲ್ಲ, ನಿಜ. ಆದರೆ ಚಿತ್ತಾಪುರದ ಕೋರ್ಟಿನ ಗುಮಾಸ್ತ ಭೀಮಾಶಂಕರ ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಬೆನ್ನಿಗೆ ಮೀನಿನ ರಾಡು ಏರಿಸಿಕೊಂಡು ಭಾನುವಾರ ಬೆಳಗಾಗುತ್ತಲೇ ಶಹಾಬಾದಿನ ದಾರಿ ಹಿಡಿದರೆ ಜನ ಸುಮ್ಮನಿರುತ್ತಾರೆಯೇ? "ಏನ್ ಸಾಹೇಬ್ರ, ಇವತ್ತ ಮನ್ಯಾಗ ಪಲ್ಯಾ ಯಾವ್ದು?" ಎಂದು ಚಹಾದಂಗಡಿಯವನೂ ಕಾಲೆಳೆಯುತ್ತಿದ್ದ. ಭೀಮಾಶಂಕರ ನಕ್ಕು ಗಾಡಿಯ ವೇಗ ಹೆಚ್ಚಿಸುತ್ತಿದ್ದ.

ಹೊರಗಿನವರ ಬಾಯಿ ಬಿಡಿ, ಮನೆಯಾಕೆಯನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಗಿತ್ತು. ಬಸವೇಶ್ವರಿ ಮೊದಮೊದಲು ಮಾತೇ ಬಿಟ್ಟಿದ್ದಳು. ಆಮೇಲೆ ಒಂದೇ ಮಾತಿಗೆ ಒಪ್ಪಿಕೊಂಡಳು. "ಹಿಡೀರಿ, ಬಿಡ್ರಿ. ಆದ್ರ ಒಂದರ ಜೀವಕ್ಕೂ ಧಕ್ಕಿ ಆಗಬಾರ್ದು. ಲಿಂಗ ಮುಟ್ಟಿ ಹೇಳ್ರಿ." ಭೀಮಾಶಂಕರ ಮುಟ್ಟಿ ಹೇಳಿದ. ಸುಳ್ಳಂತೂ ಅಲ್ಲ. ಅವನು ಮೀನನ್ನು ಕೊಲ್ಲುತ್ತಿರಲಿಲ್ಲ. ಅಷ್ಟೇಕೆ, ಮುಟ್ಟುತ್ತಲೂ ಇರಲಿಲ್ಲ. ದಡದವರೆಗೆ ಎಳೆದು ತರುವುದು ಅವನ ಕೆಲಸ. ಇಕ್ಕಳದಿಂದ ಗಾಳ ಬಿಡಿಸಿ ನೀರಿಗೆ ಬಿಡುವುದು ಮತೀನನ ಕೆಲಸ. ಶಹಾಬಾದಿನಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದ ಮತೀನ ಅವನ ಕಾಲೇಜಿನ ದೋಸ್ತ, ಆದರೂ ಕೋರ್ಟಿನ ಕೆಲಸ ಸಿಕ್ಕ ಮೇಲೆ ಅವನನ್ನು ‘ಸಾಹೇಬ್ರ’ ಎಂದೇ ಕರೆಯುತ್ತಿದ್ದ. ಮತೀನ ಮೀನು ಬಿಡುವ ಹೊತ್ತಿಗೆ ಭೀಮಾಶಂಕರ ಆಕಡೆ ಮುಖ ಮಾಡಿ ದಾರ ಸುತ್ತುವ ರೀಲು ಒರೆಸುತ್ತ ನಿಂತಿರುತ್ತಿದ್ದ.

ಅವನಿಗೆ ಮೀನಿಗಿಂತ ಸಾಮಾನಿನ ಹುಚ್ಚು ಹೆಚ್ಚು. ಅದರಲ್ಲೂ ಬೇಟ್‌ಕಾಸ್ಟಿಂಗ್ ರೀಲು. ಅದರ ಗುಣವೇ ಬೇರೆ. ದಾರದ ತುದಿಗೆ ಕಟ್ಟಿದ ನಕಲಿ ಕಪ್ಪೆಯನ್ನು ಬೀಸಿದಾಗ ದಾರ ಸುತ್ತಿದ ಸುರುಳಿಯೇ ಗಿರ್ರನೆ ತಿರುಗುತ್ತದೆ. ಹೆಬ್ಬೆರಳಿಂದ ಅದನ್ನು ಸವರಿ ತಡೆಯಬೇಕು. ಬೆರಳು ಜರಾ ತಪ್ಪಿದರೆ ದಾರವೆಲ್ಲ ಉಬ್ಬಿ ಕಗ್ಗಂಟು, ಬಿಡಿಸುವಷ್ಟರಲ್ಲಿ ಮಧ್ಯಾಹ್ನ! ಇನ್ನು ಕಪ್ಪೆ ಹಗುರವಾಗಿದ್ದರೆ ಭಾರದ ಸುರುಳಿಯನ್ನು ತಿರುಗಿಸುವ ಶಕ್ತಿ ಅದಕ್ಕೆ ಎಲ್ಲಿಂದ ಬರಬೇಕು? ಅದಕ್ಕೇ ಕಡಿಮೆ ದಾರ ಹಿಡಿಯುವ ಹಗುರ ಸುರುಳಿ, ತುದಿ ಬಳುಕುವ ಹಗುರ ರಾಡು, ಸಣ್ಣ ದಾರ. ಐದು ಗ್ರಾಮಿನ ರಬ್ಬರ್ ಕಪ್ಪೆಯನ್ನು ಸದ್ದಿಲ್ಲದೆ ನೀರಿಗಿಳಿಸುವ ಸುಖಕ್ಕೆ ಅವನು ತಿಂಗಳುಗಟ್ಟಲೆ ವಿಡಿಯೋ ನೋಡಿ ಇಂಥ ರಾಡು-ರೀಲಿನ ಜೋಡಿ ತರಿಸಿಕೊಂಡಿದ್ದ. ಮನೆಯ ಮಾಳಿಗೆಯ ಮೇಲೆ ತಂಬಿಗೆ ಇಟ್ಟು ಅದರೊಳಗೆ ಎಸೆದು ರೂಢಿಯನ್ನೂ ಮಾಡಿಕೊಂಡಿದ್ದ.

ಮಳೆಗಾಲ ಶುರುವಾದ ಮೇಲಿನ ಒಂದು ಭಾನುವಾರ ಭಂಕೂರದ ಹತ್ತಿರ ಕೆಲಸ ನಿಂತುಹೋದ ಕಲ್ಲಿನ ಗಣಿಗೆ ಇಬ್ಬರೂ ಹೋದರು. ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ದು ಕೊಯ್ದು ಮೆಟ್ಟಿಲಾದ ಗಣಿಯಲ್ಲಿ ನೀರು ನಿಂತು ತಿಳಿಯಾಗಿತ್ತು. ಮತೀನ ಹೊಸ ದಾರವನ್ನು ಉಗುರಲ್ಲಿ ಎಳೆದು ನೋಡಿದ.

"ಇದು ಭಾಳ ಸಣ್ಣದಾತ್ರಿ. ಒಳಗ ಕಲ್ಲಂಚು ಚಾಕು ಇದ್ದಂಗ ಅವ. ಮುಂದ ಒಂದ್ ಮಾರು ದಪ್ಪ ದಾರ ಕಟ್ರಿ."

"ದಪ್ಪ ಕಟ್ಟಿದ್ರ ಕಪ್ಪಿ ಹಾರಂಗಿಲ್ಲೋ. ಇದರ ಹಿಸಾಬೇ ಬ್ಯಾರೆ, ನಿನಗ ತಿಳ್ಯಂಗಿಲ್ಲ."

ಹೀಗೆಂದು ಎದುರಿನ ಜೊಂಡಿನ ಪಕ್ಕಕ್ಕೆ ಎಸೆದೇಬಿಟ್ಟ. ಕಪ್ಪೆ ಎರಡು ಮೊಳ ಈಜಿತೋ ಇಲ್ಲವೋ, ನೀರು ಧಡ್ ಎಂದು ಸಿಡಿಯಿತು. ಹಾವಿನಂಥ ತಲೆಯ ಮರಲ ಮೀನು! ತೊಡೆಯಷ್ಟು ಉದ್ದದ್ದು. ಹಗುರ ರಾಡು ಬುಡದವರೆಗೆ ಬಾಗಿತು. ಮೀನಿನ ತಲೆ ತಿರುಗಿಸುವ ತಾಕತ್ತು ಆ ರಾಡಿಗಿರಲಿಲ್ಲ. ಮೀನು ಸೀದಾ ಮುಳುಗಿದ ಫರಸಿಯ ಅಡಿಗೆ ನುಗ್ಗಿತು. ದಾರ ಕಲ್ಲಂಚಿಗೆ ತಗುಲಿತು. ಅಷ್ಟೇ, ಕೈ ಹಗುರಾಯಿತು.

ಸ್ವಲ್ಪ ಹೊತ್ತಿಗೆ ಜೊಂಡಿನ ಪಕ್ಕದ ನೀರು ಕುಂಕುಮ ಚೆಲ್ಲಿದಂತೆ ಕೆಂಪಾಯಿತು. ನೂರಾರು ಕೆಂಪು ಮೀನಮರಿಗಳು. ಅವುಗಳ ಕೆಳಗೆ ಅದೇ ಮರಲ, ಬಾಯಿಯ ಬದಿಯಲ್ಲಿ ಗಾಳದ ಸಮೇತ ಹಸಿರು ರಬ್ಬರ್ ಕಪ್ಪೆ ನೇತಾಡುತ್ತಿತ್ತು. ಹಸಿವಿಗೆ ಅದು ಬಾಯಿ ಹಾಕಿರಲಿಲ್ಲ. ಮರಿಗಳ ಹತ್ತಿರ ಬಂದದ್ದನ್ನು ಓಡಿಸಲು ಹಾಕಿತ್ತು.

"ಹಾಯ್ ಅಲ್ಲಾ! ಮರಿ ಕಾಯೂ ಮೀನ್ರಿ ಅದು," ಎಂದ ಮತೀನ. "ತಿನ್ನೂ ಮಂದಿ ಸೈತ ಈ ದಿನದಾಗ ಇದಕ್ಕ ಕೈ ಹಚ್ಚಂಗಿಲ್ಲ."

"ಗಾಳ ತಾನೇ ಬೀಳ್ತದ ಇಲ್ಲೋ?"

"ಬಾಯಿ ಮುಚ್ಚಾಕ ಬರಂಗಿಲ್ಲ ಅದಕ್ಕ, ನೋಡ್ರಲ್ಲ. ಏನ್ ತಿನ್ಬೇಕು? ಅದು ಹೋತಂದ್ರ ಮರಿನೂ ಹೋದವು. ಉಳದ ಮೀನ ನುಂಗಿ ಹಾಕ್ತಾವ."

ಭೀಮಾಶಂಕರ ಹರಿದ ದಾರವನ್ನು ಸುತ್ತಿಕೊಂಡು ಗಾಡಿ ಹತ್ತಿದ. ಮನೆಗೆ ಬಂದಾಗ ಬಸವೇಶ್ವರಿ ಮಾಮೂಲಿಯಂತೆ ವಿಚಾರಿಸಿದಳು. "ಎಲ್ಲಾ ಬಿಟ್ಟು ಬಂದೆ," ಎಂದುಬಿಟ್ಟ. ಮರುದಿನ ಕೋರ್ಟಿನಲ್ಲಿ ಒಂದು ಕೇಸಿನ ಬದಲು ಇನ್ನೊಂದರ ಕಟ್ಟು ಎತ್ತಿಕೊಟ್ಟು ಎಲ್ಲರೆದುರು ಬೈಸಿಕೊಂಡ. ಕಣ್ಣು ಮುಚ್ಚಿದರೆ ಸಾಕು, ಹಸಿರು ಕಪ್ಪೆ. ಆ ಮೀನನ್ನು ಇನ್ನೊಮ್ಮೆ ಹಿಡಿಯದ ಹೊರತು ಬೇರೆ ದಾರಿಯೇ ಇರಲಿಲ್ಲ.

ಊಟದ ಬಿಡುವಿನಲ್ಲಿ ಹೈದರಾಬಾದಿಗೆ ಫೋನು ಹಚ್ಚಿದ. ಅಲ್ಲಿ ಮೀನಿನ ಸಾಮಾನಿನ ಅಂಗಡಿ ನಡೆಸುವ ರತ್ನದೀಪ ಸೇಡಮಿನವನು.

"ಮರಲಕ್ಕ ಅಂದ್ರ ದಪ್ಪ ರಾಡ್ ತಗೋರಿ," ಎಂದ ರತ್ನದೀಪ. "ಐವತ್ ಪೌಂಡ್ ಭಾರ ತಡಿಯೂ ದಾರ, ದೊಡ್ಡ ರೀಲ್. ಫರಸಿ ಸಮೇತ ಎತ್ತಿ ಒಗೀಬಹುದು."

"ಬ್ಯಾಡೋ ಮಾರಾಯ. ಅದು ಅಂಜ್ಯಾದ. ಭಾರದ್ದು ಧಪ್ ಅಂತ ಬಿತ್ತಂದ್ರ ಓಡ್ತದ. ಐದ್ ಗ್ರಾಮಿಂದೇ ಹಾರಬೇಕು. ಆದ್ರ ಕಲ್ಲಿಗಿ ತಿಕ್ಕಿದ್ರ ಹರೀಬಾರ್ದು."

"ಹಗುರಂದೂ ಬೇಕು, ಗಟ್ಟೀನೂ ಬೇಕು! ಕನ್ಯಾ ನೋಡಾಕ ಹೊಂಟಂಗ ಮಾತಾಡ್ತೀರಲ್ರಿ," ಎಂದು ಅವನು ನಕ್ಕ.

ಭೀಮಾಶಂಕರನಿಗೆ ಮೈ ಉರಿಯಿತು. "ಏ, ನಗಬ್ಯಾಡ. ಜೀವದ ಪ್ರಶ್ನೆ ಅದ."

ಯಾರ ಜೀವವೆಂದು ಕೇಳದೆ ರತ್ನದೀಪ ಗಂಭೀರನಾದ. ಕಡೆಗೆ ಇಬ್ಬರೂ ಸೇರಿ ಒಂದು ನೆಲೆಗೆ ಬಂದರು. ರೀಲು ಹಳೆಯದೇ ಇರಲಿ, ಹಗುರ ಸುರುಳಿ ಇಲ್ಲದೆ ಸಣ್ಣ ಕಪ್ಪೆ ಹಾರದು. ರಾಡು ಒಂದು ಮೆಟ್ಟಿಲು ಬಿರುಸಾದದ್ದು, ತುದಿ ಬಳುಕಬೇಕು, ನಡು ಬಾಗಬಾರದು. ದಾರ ಒಂದು ಅಂಕಿ ದಪ್ಪ. ಅದರ ಮುಂದೆ ಒಂದು ಮಾರು, ಕಲ್ಲಿಗೆ ಉಜ್ಜಿದರೂ ತಡೆಯುವ ದಪ್ಪ ಫ್ಲೋರೋಕಾರ್ಬನ್ ದಾರ. ಮತೀನ ಹೇಳಿದ್ದೂ ಇದನ್ನೇ, ಅದೂ ಬಿಟ್ಟಿ. ಕೇಳುವ ಕಿವಿ ಆವತ್ತು ಇರಲಿಲ್ಲ!

ಸಾಮಾನು ಬಸ್ಸಿನಲ್ಲಿ ಸೇಡಮಿಗೆ ಬಂತು. ಭೀಮಾಶಂಕರ ರಜೆ ಹಾಕಿ, ಸೇಡಮಿನ ಸ್ಟ್ಯಾಂಡಿನಲ್ಲಿ ಕಟ್ಟು ಇಳಿಸಿಕೊಂಡು, ಅಲ್ಲೇ ಬೆಂಚಿನ ಮೇಲೆ ಕೂತು ದಾರ ಸುತ್ತಿದ. ಗಂಟನ್ನು ಹಲ್ಲಲ್ಲಿ ಕಚ್ಚಿ ಬಿಗಿದ. ಮೀನಿಗೆ ನೋವಾಗಬಾರದೆಂದು ಹೊಸ ಗಾಳದ ತುದಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿದ. ಅಲ್ಲಿಂದ ಸೀದಾ ಭಂಕೂರ. ಮತೀನ ಅಂಗಡಿಗೆ ಬೀಗ ಹಾಕಿ ಬಲೆ ಹಿಡಿದು ಆಗಲೇ ಬಂದು ನಿಂತಿದ್ದ.

ಮರಿಗಳ ಕೆಂಪು ಗುಂಪು ಮೊದಲಿಗಿಂತ ಸಣ್ಣದಾಗಿತ್ತು. ಮರಲ ಅವುಗಳ ಕೆಳಗೇ ಇತ್ತು, ಬಾಯಲ್ಲಿ ಕಪ್ಪೆಯೂ ಇತ್ತು. ಆಗಾಗ ಮೇಲೆ ಬಂದು ಗುಳುಕ್ಕೆಂದು ಗಾಳಿ ನುಂಗಿ ಇಳಿಯುತ್ತಿತ್ತು. ಮೊದಲ ಎಸೆತಕ್ಕೆ ಅದು ಕದಲಲಿಲ್ಲ. ಮುಂದಿನದಕ್ಕೆ ಹಿಂದೆ ಸರಿಯಿತು. ಭೀಮಾಶಂಕರನ ಹೆಬ್ಬೆರಳು ಬೆವೆತು ಜಾರುತ್ತಿತ್ತು. ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಎಸೆದ, ಮರಿಗಳ ಅಂಚಿಗೇ. ಈ ಸಲ ಬಂತು. ಫರಸಿಯ ಕಡೆ ತಿರುಗುವ ಮೊದಲೇ ಹೊಸ ರಾಡು ಅದರ ತಲೆ ತಡೆಯಿತು. ದಾರ ಕಲ್ಲಿಗೆ ಕರ್ರೆಂದು ಉಜ್ಜಿತು, ಆದರೆ ಹರಿಯಲಿಲ್ಲ. ಮತೀನ ಬಲೆ ಒಡ್ಡಿ ಎತ್ತಿದ.

ಹೊಸ ಗಾಳ ಮುಟ್ಟುತ್ತಲೇ ಬಿಟ್ಟುಕೊಂಡಿತು. ಹಳೆಯದು ಮತೀನ ಇಕ್ಕಳದಿಂದ ಎಳೆದರೂ ಒಂದು ಹೊಡೆತಕ್ಕೆ ಬರಲಿಲ್ಲ. ಕಡೆಗೆ ಕಿತ್ತುಬಂತು, ಮೀನು ಕೊಸರಿದ ರಭಸಕ್ಕೆ ಸೀದಾ ಮತೀನನ ಅಂಗೈಗೆ ನಾಟಿತು.

"ಯಾ ಖುದಾ! ಸಾಹೇಬ್ರ, ಹಿಡೀರಿ, ಹಿಡೀರಿ! ನನ್ನ ಕೈಲಿ ಆಗಂಗಿಲ್ಲ!"

ಮೀನು ನೀರಿಗೆ ಜಾರಿ ಬಿಳಿ ಹೊಟ್ಟೆ ಮೇಲೆ ಮಾಡಿತು. ಭೀಮಾಶಂಕರ ಪ್ಯಾಂಟು ಬೂಟಿನ ಸಮೇತ ಎದೆಮಟ್ಟ ನೀರಿಗಿಳಿದು ಎರಡೂ ಕೈಯಿಂದ ಅದನ್ನು ಹಿಡಿದ. ಜೀವನದಲ್ಲಿ ಮೊದಲ ಸಲ. ಲೋಳೆ, ತಣ್ಣಗೆ, ಒಳಗೆ ಏನೋ ಮಿಡಿಯುತ್ತಿತ್ತು. ವಿಡಿಯೋದಲ್ಲಿ ನೋಡಿದಂತೆ ತಲೆಯನ್ನು ನೀರೊಳಗೆ ಮುಳುಗಿಸಿ ಹಿಂದೆ ಮುಂದೆ ಆಡಿಸಿದ. ಮೀನು ಮೆತ್ತಗಾಗುತ್ತ ಹೋಯಿತು. ಇನ್ನಷ್ಟು ಆಡಿಸಿದ, ಇನ್ನಷ್ಟು ಮೆತ್ತಗಾಯಿತು. ಅಯ್ಯೋ, ಇದು ಮೇಲೆ ಬಂದು ಗಾಳಿ ನುಂಗುವ ಮೀನು! ಮುಳುಗಿಸಿ ಹಿಡಿದರೆ ಉಸಿರು ಎಲ್ಲಿಂದ? ನಾನೇ ಕೊಲ್ಲುತ್ತಿದ್ದೇನಲ್ಲ! ತಟ್ಟನೆ ಅದರ ಮೂತಿಯನ್ನು ನೀರಿನ ಮೇಲೆ ಎತ್ತಿ ಹಿಡಿದ. "ಉಸಿರಾಡವ್ವ, ಉಸಿರಾಡು," ಎಂದು ಗೋಗರೆದ. ಹರಿದ ಬಾಯಿ ಒಮ್ಮೆ ತೆರೆದು ಮುಚ್ಚಿತು. ಮತ್ತೊಮ್ಮೆ. ಬಾಲ ಅವನ ಹೊಟ್ಟೆಗೆ ಬಡಿಯಿತು. ಕೈ ಸಡಿಲಿಸಿದ. ಮೀನು ನಿಧಾನವಾಗಿ, ಸ್ವಲ್ಪ ಓರೆಯಾಗಿ ಈಜುತ್ತ ಮರಿಗಳ ಕೆಳಗೆ ಹೋಗಿ ನಿಂತಿತು.

ಮತೀನನನ್ನು ಶಹಾಬಾದಿನ ದವಾಖಾನೆಗೆ ಕರೆದೊಯ್ದು, ಗಾಳ ತೆಗೆಸಿ, ಸೂಜಿ ಹಾಕಿಸಿ, ಭೀಮಾಶಂಕರ ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಒದ್ದೆ ಬಟ್ಟೆ ನೋಡಿ ಬಸವೇಶ್ವರಿ ಗಾಬರಿಯಾದಳು. ಅವನು ಕಟ್ಟೆಯ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದ. ಭಾನುವಾರದ ಸುಳ್ಳನ್ನೂ ಬಿಡಲಿಲ್ಲ.

"ಆತು ಬಿಡ್ರಿ, ಉಳೀತಲ್ಲ," ಎಂದು ಅವಳೇ ಸಮಾಧಾನ ಮಾಡಿದಳು.

"ಇದು ಉಳೀತು, ಕಣ್ಣಾರೆ ನೋಡೀನಿ. ಹಿಂದಿನವು ಏನಾದ್ವೋ ನನಗ ಗೊತ್ತಿಲ್ಲ. ಒಂದೂ ನಾ ನೋಡಿಲ್ಲ. ಪ್ರತಿ ಸಲ ಆಕಡಿ ಮುಖ ಮಾಡಿ ನಿಂತಿದ್ದೆ." ಅವನು ಒದ್ದೆ ಬೂಟು ಬಿಚ್ಚಿ ಬದಿಗಿಟ್ಟ. "ನೋಡ್ದೇನೇ ನಿನಗ ಆಣಿ ಮಾಡಿದ್ದೆ."

ಬಸವೇಶ್ವರಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಮುಂದಿನ ಐತಾರ ನಾನೂ ಬರ್ತೀನಿ," ಎಂದಳು. "ನೀವು ಹಿಡೀರಿ, ನಿಮ್ಮ ಕೈಲೇ ಬಿಡ್ರಿ. ಅದು ಈಜಿ ಹೋಗೂದು ಇಬ್ಬರೂ ನೋಡೂಣು."

ಭಾನುವಾರ ಬಂತು. ಅವಳು ಅಡುಗೆ ಮುಗಿಸಿ, ಸೀರೆ ಬದಲಿಸಿ, ಬಾಗಿಲಲ್ಲಿ ಬಂದು ನಿಂತಳು. ಹೊಸ ರಾಡು ಗೋಡೆಗೆ ಆನಿಕೊಂಡಿತ್ತು. ಭೀಮಾಶಂಕರ ಅದನ್ನು ನೋಡಿದ, ಅವಳನ್ನು ನೋಡಿದ. ಅವಳ ಕಣ್ಣೆದುರಿಗೆ ಗಾಳ ಚುಚ್ಚಿದ ಬಾಯನ್ನು ಎತ್ತಿ ಹಿಡಿಯುವ ಧೈರ್ಯ ಅವನಿಗಾಗಲಿಲ್ಲ.

"ನಡಿ, ಮರಿ ತೋರಸ್ತೀನಿ," ಎಂದು ಬರಿಗೈಯಲ್ಲಿ ಗಾಡಿ ಹೊರಗೆ ತೆಗೆದ.